ಕಾಣದ ಹೊಗೆ, ಬೆಳ್ಳನೆಯ ದುಪ್ಪಟಿ

ಹೋಟೆಲಿನ ಹಿತ್ತಲಿನಲ್ಲಿ ಒಲೆ ನೋಡಿಕೊಳ್ಳುವ ಹಿರಿಯರೊಬ್ಬರು ಬೂದಿ ಎತ್ತುವ ಕೆಲಸವನ್ನು ಅರ್ಧ ಮುಗಿಸಿದ್ದಾರೆ. ತಗಡಿನ ಸಲಿಕೆಯಲ್ಲಿ ಎತ್ತಿದ್ದನ್ನು ಹಳೆಯ ಪೇಂಟ್ ಡಬ್ಬಿಗೆ ಸುರಿಯುವಾಗ ಕೈಯನ್ನು ಡಬ್ಬಿಯ ತಳದವರೆಗೂ ಇಳಿಸುತ್ತಾರೆ, ನಿದ್ದೆ ಬಂದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ. ಒಂದು ಚಿಟಿಕೆಯೂ ಹಾರಬಾರದು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಲಿಕೆ ಕೆಳಗಿಟ್ಟು, ಹಿತ್ತಲಿನ ಗೋಡೆಯ ಬಳಿ ಹೋಗಿ, ಎರಡು ಇಟ್ಟಿಗೆ ಜೋಡಿಸಿಟ್ಟುಕೊಂಡ ಜಾಗದಲ್ಲಿ ಕಾಲಿಟ್ಟು ಆಚೆ ಇಣುಕುತ್ತಾರೆ. ಆಚೆ ಅವರ ಅತ್ತಿಗೆಯ ಲಾಂಡ್ರಿಯ ಅಂಗಳ. ಗೋಡೆಗೆ ಹತ್ತಿರದ ತಂತಿಯಲ್ಲಿ ಅರ್ಧಕ್ಕೆ ಹರಿದ ಬಿಳಿ ದುಪ್ಪಟಿಯೊಂದು ಒದ್ದೆಯಾಗಿ ನೇತುಬಿದ್ದಿದೆ. ಅದು ಅಲುಗುತ್ತಿಲ್ಲ.

"ಗಾಳಿ ಸತ್ತಿದೆ. ಮೇಲೆ ಮೋಡ ಬೇರೆ," ಎಂದು, ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾ ಇಳಿಯುತ್ತಾರೆ. "ಅತ್ತಿಗೆ ಕಾಯ್ತಿದ್ದ ದಿನ ಇವತ್ತೇ ಅನ್ಸುತ್ತೆ."

ಹೋಟೆಲಿನ ಮುಂದಿನ ಬಾಗಿಲಿನಿಂದ ಬಂದು ಊಟ ಮಾಡಿ ಬಾಯಿ ಒರೆಸಿಕೊಂಡು ಹೋಗುವವರಲ್ಲಿ ಇವರನ್ನು ನೋಡಿದವರು ಕಡಿಮೆ. ಹೊಗೆಯಲ್ಲಿ ಬೆಂದ ಕುರಿಯ ಭುಜವನ್ನು ತಟ್ಟೆಯಲ್ಲಿ ತಂದಿಡುವವರು ಬೇರೆ, ಭೇಷ್ ಅನ್ನಿಸಿಕೊಳ್ಳುವವರು ಬೇರೆ. ಬೆಳಗಿನ ಜಾವದಿಂದ ಸಂಜೆಯವರೆಗೆ ಹಿತ್ತಲಿನಲ್ಲಿ ಒಂದು ಕಬ್ಬಿಣದ ಒಲೆಯ ಮುಂದೆ ಕೂತು ಉರಿ ನೋಡಿಕೊಳ್ಳುವವರು ಇವರು. ಬೀದಿಯವರೆಲ್ಲ 'ಬಾಯ್ಲರ್ ಮಾವ' ಅನ್ನುತ್ತಾರೆ. ಬಾಯ್ಲರ್ ಹೋಗಿ ಬಹಳ ಕಾಲವಾಯಿತು, ಮಾವ ಉಳಿದಿದ್ದಾರೆ.

ಒಲೆಯನ್ನು ನೋಡದವರಿಗೆ ಹೇಳಬೇಕೆಂದರೆ, ಮಲಗಿಸಿದ ಉದ್ದನೆಯ ಕಬ್ಬಿಣದ ಪೀಪಾಯಿ ಅಂದುಕೊಳ್ಳಿ. ಅದರ ಒಳಗೆ ಜಾಲರಿ, ಜಾಲರಿಯ ಮೇಲೆ ಮಾಂಸ. ಆದರೆ ಮಾಂಸದ ಕೆಳಗೆ ಬೆಂಕಿಯೇ ಇಲ್ಲ. ಬೆಂಕಿಗೆ ಬೇರೆ ಗೂಡು. ಅದನ್ನು ಪೀಪಾಯಿಯ ಒಂದು ತುದಿಗೆ, ಸ್ವಲ್ಪ ತಗ್ಗಿನಲ್ಲಿ ಬೆಸುಗೆ ಹಾಕಿ ಕೂಡಿಸಿದ್ದಾರೆ. ಗೂಡಿನಲ್ಲಿ ಹುಟ್ಟಿದ ಶಾಖವೂ ಹೊಗೆಯೂ ಪೀಪಾಯಿಯ ಉದ್ದಕ್ಕೂ ನಡೆದು, ಮಾಂಸವನ್ನು ಸವರಿಕೊಂಡು, ಇನ್ನೊಂದು ತುದಿಯ ಚಿಮಣಿಯಿಂದ ಹೊರಗೆ ಹೋಗುತ್ತವೆ.

"ಬೆಂಕಿ ಪಕ್ಕದ ಮನೇಲಿ, ಅಡುಗೆ ಈ ಮನೇಲಿ," ಎಂದು ಮಾವ ನಗುತ್ತಾರೆ. "ಪಕ್ಕದ ಮನೆಯೋರ ಜೊತೆ ಹೊಂದ್ಕೊಂಡು ಹೋಗೋದೇ ಇಲ್ಲಿ ಕೆಲಸ. ಎರಡು ಕಡೇನೂ."

ಎರಡು ಕಡೆ ಯಾಕೆ ಅನ್ನುವುದು ಗೋಡೆಯಾಚೆ ನೇತಾಡುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಈಗ ಅವರು ಸಣ್ಣ ಚಕ್ಕೆಗಳನ್ನು ಅಡ್ಡಡ್ಡ ಜೋಡಿಸಿ ಬೆಂಕಿ ತಾಗಿಸಿದ್ದಾರೆ. ಗೂಡಿನ ಬಾಗಿಲು ತೆರೆದೇ ಇದೆ, ಚಿಮಣಿಯ ಬಾಯಿ ಪೂರ್ತಿ ಬಿಚ್ಚಿದೆ. ಮೊದಲು ದಪ್ಪನೆಯ ಬಿಳಿ ಹೊಗೆ ಏಳುತ್ತದೆ. ಪೀಪಾಯಿ ಖಾಲಿ, ಮಾಂಸ ಇನ್ನೂ ಅಡುಗೆಮನೆಯಲ್ಲೇ ಇದೆ. ಹೋಟೆಲ್ ಯಜಮಾನರು ಬಾಗಿಲಿನಿಂದ ತಲೆ ಹಾಕಿ, "ಇಡೋಣ್ವಾ ಮಾವ?" ಎಂದು ಕೇಳುತ್ತಾರೆ. "ಬೇಡಿ, ಇನ್ನೂ ಅದು ಕೆಮ್ತಾ ಇದೆ," ಎಂಬ ಉತ್ತರ ಬರುತ್ತದೆ. ಚಕ್ಕೆಗಳೆಲ್ಲ ಕೆಂಡವಾಗಿ, ಅವುಗಳ ಮೇಲೊಂದು ಸೌದೆಯ ಸೀಳು ಬಿದ್ದು, ಅದೂ ಧಗ್ಗೆಂದು ಹೊತ್ತಿಕೊಂಡ ಮೇಲೆ ನಾನು ಚಿಮಣಿಯ ಕಡೆ ನೋಡುತ್ತೇನೆ. ಹೊಗೆಯೇ ಕಾಣುವುದಿಲ್ಲ. ಆರಿಹೋಯಿತೇನೋ ಅಂದುಕೊಂಡು ಕೇಳಿದರೆ, ಅವರು ನನ್ನನ್ನು ಪಕ್ಕಕ್ಕೆ ಕರೆದು, ಕಪ್ಪು ತಗಡಿನ ಮಾಡನ್ನು ಹಿನ್ನೆಲೆಯಾಗಿಟ್ಟುಕೊಂಡು ನೋಡಲು ಹೇಳುತ್ತಾರೆ. ಆಗ ಕಾಣುತ್ತದೆ. ನೂಲಿನಷ್ಟು ತೆಳ್ಳಗೆ, ಒಂಚೂರು ನೀಲಿ.

"ಇದು ಹೊಗೆ. ಮೊದ್ಲು ಬಂತಲ್ಲ, ಅದು ಹೊಲಸು. ಅದರಲ್ಲಿ ಮಾಂಸ ಇಟ್ರೆ ನಾಲಿಗೆ ಮೇಲೆ ಡಾಂಬರು ಹಾಕಿದ ಹಾಗಿರುತ್ತೆ. ಜನ ಏನಂದ್ಕೋತಾರೆ, ಹೊಗೆ ಜಾಸ್ತಿ ಆದಷ್ಟೂ ರುಚಿ ಜಾಸ್ತಿ ಅಂತ. ನಾನೂ ಹಂಗೇ ಅಂದ್ಕೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ."

ಮಾಂಸ ಒಳಗೆ ಹೋಗುತ್ತದೆ. ದಪ್ಪಗಿನ ತುಂಡುಗಳು ಬೆಂಕಿಗೂಡಿನ ಕಡೆಗೆ, ತೆಳ್ಳಗಿನವು ಚಿಮಣಿಯ ಕಡೆಗೆ. ಮುಚ್ಚಳ ಮುಚ್ಚಿದ ಮೇಲೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಒಂದು ಸಲ ತೆರೆದರೆ ಕಳೆದುಕೊಂಡ ಶಾಖವನ್ನು ಮತ್ತೆ ಕೂಡಿಸುವಷ್ಟರಲ್ಲಿ ಸಾಕುಬೇಕಾಗುತ್ತದಂತೆ. ಅರ್ಧ ಮುಕ್ಕಾಲು ಗಂಟೆಗೊಂದು ಸೀಳು, ಮಣಿಕಟ್ಟಿಗಿಂತ ತುಸು ದಪ್ಪದ್ದು, ಅಷ್ಟೇ. ಮುಂದಿನ ಸರದಿಯ ಸೀಳುಗಳು ಗೂಡಿನ ನೆತ್ತಿಯ ಮೇಲೆ ಕೂತು ಮೈ ಕಾಯಿಸಿಕೊಳ್ಳುತ್ತಿರುತ್ತವೆ. ತಣ್ಣಗಿನ ಸೌದೆ ಒಳಗೆ ಹೋದರೆ ಹೊತ್ತಿಕೊಳ್ಳುವ ಮೊದಲು ಹೊಗೆಯಾಡುತ್ತದೆ. ಮೈ ಕಾದದ್ದು ಹೋದ ಕೂಡಲೇ ಉರಿಯುತ್ತದೆ. ಕೆಂಡ ಸೊರಗುವ ಮೊದಲೇ ಮುಂದಿನದು ಬೀಳಬೇಕು, ಉರಿ ಇನ್ನೂ ಜೋರಾಗಿರುವಾಗ ಬೀಳಬಾರದು. ಆ ಸಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಗೂಡಿನ ಬದಿಯಲ್ಲಿ ಗಾಳಿ ಒಳಬರುವ ಸಣ್ಣದೊಂದು ಬಾಗಿಲಿದೆ. ಅದರ ಹಿಡಿಗೆ ಹಳದಿ ಬಟ್ಟೆಯ ಚೂರೊಂದನ್ನು ಗಂಟು ಹಾಕಿದ್ದಾರೆ. ಕೈ ಸುಡದಿರಲಿ ಅಂತ ಕಟ್ಟಿದ್ದು ಎಂದುಕೊಂಡು ಕೇಳಿದೆ.

"ಕೈ ಸುಡ್ಲಿ ಬಿಡಿ," ಎಂದರು. "ಅದು ಕೈ ತಡೆಯೋಕೆ ಕಟ್ಟಿರೋದು."

ಆ ಬಟ್ಟೆಯ ಚೂರಿನ ಕತೆಗೆ ಲಾಂಡ್ರಿಯಿಂದಲೇ ಹೊರಡಬೇಕು. ಲಾಂಡ್ರಿ ಮಾವನ ಅಣ್ಣನದು. ಅಣ್ಣ ಬಟ್ಟೆ ನೋಡಿಕೊಂಡರೆ ತಮ್ಮ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಮೀಸೆ ಮೂಡುವ ವಯಸ್ಸಿನಲ್ಲಿ ಕಲ್ಲಿದ್ದಲ ಸಲಿಕೆ ಹಿಡಿದವರು ಮೀಸೆ ನೆರೆಯುವವರೆಗೂ ಬಿಡಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಲಾಂಡ್ರಿಯನ್ನು ಕೈಗೆ ತೆಗೆದುಕೊಂಡರು, ಬಿದ್ದುಹೋಗಲು ಬಿಡಲಿಲ್ಲ. ಬಾಯ್ಲರ್ ಮಾತ್ರ ಮುದಿಯಾಯಿತು. ಅದರ ಜಾಗಕ್ಕೆ ಕರೆಂಟಿನ ಯಂತ್ರ ಬಂತು.

"ಅತ್ತಿಗೆ ನನ್ನನ್ನ ತೆಗೀಲಿಲ್ಲ," ಎಂದು ಮಾವ ಒತ್ತಿ ಹೇಳುತ್ತಾರೆ. "ಬಾಯ್ಲರ್ ತೆಗೆದ್ರು. ನಾನು ಅದರ ಜೊತೆ ಎದ್ದು ಬಂದೆ. ಮಡಚಿ ಇಸ್ತ್ರಿ ಮಾಡ್ತಾ ಕೂತ್ಕೋ ಅಂದ್ರು ಪಾಪ. ನನ್ನ ಕೈ ನೋಡಿ, ಈ ಕೈಲಿ ಮಡಚಿದ್ರೆ ಮತ್ತೆ ಒಗೀಬೇಕು."

ಆಗಲೇ ಪಕ್ಕದ ಹೋಟೆಲಿನವರು ಎಲ್ಲಿಂದಲೋ ಈ ಹೊಗೆಯೊಲೆಯನ್ನು ಕೊಂಡು ತಂದು, ಹಚ್ಚಲು ಬಾರದೆ ಕೂತಿದ್ದರು. ಬೆಂಕಿ ಬಲ್ಲ ಮನುಷ್ಯ ಗೋಡೆಯ ಆಚೆಯೇ ಸಿಕ್ಕಿದರು. ಮಾವನ ಹೆಂಡತಿ ಈಗಲೂ ಅದನ್ನು ಹೇಳಿ ನಗುತ್ತಾರೆ: "ಮದುವೆಯಾದಾಗ ಕಲ್ಲಿದ್ದಲ ವಾಸನೆ, ಈಗ ಸೌದೆ ವಾಸನೆ. ನಮ್ಮನೆಯೋರಿಗೆ ಸಿಕ್ಕಿದ್ದು ಇದೊಂದೇ ಬಡ್ತಿ."

ಆದರೆ ಬಾಯ್ಲರಿನ ಬುದ್ಧಿ ಈ ಒಲೆಗೆ ಆಗದು. ಬಾಯ್ಲರಿನಲ್ಲಿ ಬಿಡುವು ಬೇಕೆಂದರೆ ಕೆಂಡವನ್ನು ಒಂದು ಕಡೆ ಗುಡ್ಡೆ ಮಾಡಿ, ಬೂದಿ ಹೊದಿಸಿ, ಗಾಳಿ ಮುಚ್ಚಿ ಹೋಗಬಹುದು. ಅದು ಒಳಗೊಳಗೇ ಕನಲುತ್ತಾ ಕಾಯುತ್ತಿರುತ್ತದೆ. ತಿರುಗಿ ಬಂದು ಕೆದಕಿದರೆ ಏಳುತ್ತದೆ. ಒಳ್ಳೆಯ ಬಾಯ್ಲರಿನವನ ಗುರುತೇ ಅದು. ಮಾವ ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಹಾಗೆಯೇ ಮಾಡಿದರು. ಮಾಂಸ ಒಳಗಿತ್ತು. ದಪ್ಪ ಕೊರಡೊಂದನ್ನು ಹಾಕಿ, ಬೂದಿ ಹೊದಿಸಿ, ಗಾಳಿಬಾಗಿಲು ಮುಚ್ಚಿ ಮನೆಗೆ ಊಟಕ್ಕೆ ಹೋದರು. ಹೊಟ್ಟೆ ತುಂಬ ಉಂಡರು ಕೂಡ.

ಉಸಿರು ಕಟ್ಟಿದ ಬೆಂಕಿ ಹೊಗೆಯನ್ನೇ ಕಕ್ಕಿತು. ಅದು ಮೇಲೇಳಲಿಲ್ಲ, ಗೋಡೆ ಹಾರಿ ಲಾಂಡ್ರಿಗೆ ಇಳಿಯಿತು. ತಂತಿಯ ತುಂಬ ಒಂದು ವಸತಿಗೃಹದ ದುಪ್ಪಟಿಗಳು ಒದ್ದೆಯಾಗಿ ಹರಡಿದ್ದವು. ಒದ್ದೆ ಬಟ್ಟೆ ಹೊಗೆಯನ್ನು ಹೀರಿಕೊಳ್ಳುವ ಹಾಗೆ ಇನ್ನೇನೂ ಹೀರಿಕೊಳ್ಳುವುದಿಲ್ಲ. ಎಲ್ಲವೂ ಹಳದಿಗಟ್ಟಿದವು. ಮತ್ತೆ ಮತ್ತೆ ಒಗೆದರೂ ವಾಸನೆ ಬಿಡಲಿಲ್ಲ. ವಸತಿಗೃಹದವರು ಬೇರೆ ಲಾಂಡ್ರಿ ನೋಡಿಕೊಂಡರು. ಮಾಂಸವೂ ಕೆಟ್ಟಿತು. ಯಜಮಾನರು ಒಂದು ಚೂರು ಬಾಯಿಗಿಟ್ಟು, ಹಾಗೇ ತೆಗೆದು, ಏನೂ ಹೇಳದೆ ತಟ್ಟೆಯ ಅಂಚಿಗೆ ಇಟ್ಟರಂತೆ.

ಹೇಳಿದವರು ಅತ್ತಿಗೆ. ಗೋಡೆಯಾಚೆಯಿಂದ, ಬೀದಿಗೆಲ್ಲ ಕೇಳುವ ಹಾಗೆ: "ಇಷ್ಟು ವರ್ಷ ನನ್ನ ಬಟ್ಟೆ ಬೆಳ್ಳಗೆ ಮಾಡೋಕೆ ಉರಿ ಹಾಕಿದೋನು, ಕಪ್ಪು ಮಾಡೋಕೂ ನೀನೇ ಬರ್ಬೇಕಿತ್ತೇನೋ?"

ಸೊಸೆಯಾಗಿ ಮನೆಗೆ ಕಾಲಿಟ್ಟ ದಿನದಿಂದ ಅತ್ತಿಗೆ ಮೈದುನನನ್ನು ಕರೆಯುತ್ತಿದ್ದದ್ದು 'ಚಿಕ್ಕೋನೇ' ಎಂದು. ತಲೆ ನೆರೆತ ಮೇಲೂ ಚಿಕ್ಕೋನೇ. ಆ ದಿನದಿಂದ ಅದು ನಿಂತಿತು. 'ಒಲೆಯವರೇ' ಎಂದು ಬಹುವಚನ ಶುರುವಾಯಿತು. "ಬೈದಿದ್ದು ಒಂದೇ ದಿನಕ್ಕೆ ಮರೆತುಹೋಯ್ತು," ಎನ್ನುತ್ತಾರೆ ಮಾವ. "ಮರ್ಯಾದೆ ಕೊಡ್ತಾರಲ್ಲ, ಅದನ್ನ ತಡ್ಕೊಳ್ಳೋಕೆ ಆಗಲ್ಲ."

ಅಷ್ಟಕ್ಕೇ ಮುಗಿಯಲಿಲ್ಲ. ಪುರಸಭೆಯವರು ಬಂದು ಒಲೆ ನೋಡಿದರು. ತಾತ್ಕಾಲಿಕ ಪರವಾನಗಿ ಕೊಟ್ಟು, ಅದು ಕಾಯಂ ಆಗಬೇಕಾದರೆ ಪಕ್ಕದವರು ತಮ್ಮ ಅಡ್ಡಿಯಿಲ್ಲವೆಂದು ಕಾಗದ ಬರೆದು ಕಳಿಸಬೇಕು ಎಂದರು. ಕಾಗದ ಬಾರದಿದ್ದರೆ ಒಲೆ ಎತ್ತಬೇಕು. ಒಲೆ ಹೋದರೆ ಮಾವನ ಕೆಲಸ ಎರಡನೆಯ ಸಲ ಹೋದ ಹಾಗೆ. ಇನ್ನೊಂದು ಬೆಂಕಿ ಹುಡುಕಿಕೊಂಡು ಹೋಗುವ ವಯಸ್ಸೂ ಅಲ್ಲ. ಯಜಮಾನರು ಹೋಗಿ ಕೇಳಿಕೊಂಡರು. ಅತ್ತಿಗೆ ಆಗುವುದಿಲ್ಲ ಅನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಒಂದು ಹೊಸ ದುಪ್ಪಟಿಯನ್ನು ಎಲ್ಲರೆದುರು ಪರ್ರೆಂದು ಎರಡಾಗಿ ಹರಿದರು. ಒಂದರ್ಧ ಬೀರುವಿನೊಳಗೆ ಹೋಯಿತು. ಇನ್ನೊಂದರ್ಧ ನೀರಿನಲ್ಲಿ ಅದ್ದಿ ಗೋಡೆಯ ಪಕ್ಕದ ತಂತಿಗೆ ಬಂತು.

"ಮಾತಿನ ಮೇಲೆ ಕಾಗದ ಬರೆಯೋಕಾಗಲ್ಲ," ಎಂದರು. "ಹೊರಗಿಂದು ಒಳಗಿಂದರ ಹಾಗೇ ಇದ್ರೆ ಬರೀತೀನಿ."

ಅವತ್ತಿನಿಂದ ಒಲೆ ಹಚ್ಚಿದ ದಿನವೆಲ್ಲ ಆ ಅರ್ಧ ದುಪ್ಪಟಿ ಒದ್ದೆಯಾಗಿ ತಂತಿಗೆ ಬರುತ್ತದೆ. ಸಂಜೆ ಅತ್ತಿಗೆ ಅದನ್ನು ತೆಗೆದು, ಬೀರುವಿನ ಅರ್ಧದ ಪಕ್ಕ ಹಿಡಿದು, ಕಿಟಕಿಯ ಬೆಳಕಿನಲ್ಲಿ ನೋಡುತ್ತಾರೆ. ಆಮೇಲೆ ಮೂಗಿಗೆ ಹಿಡಿಯುತ್ತಾರೆ. ಮೊದಮೊದಲು ದಿನವೂ ಸೋಲು, ಬಣ್ಣ ಹೋಗದಿದ್ದರೆ ಮತ್ತೊಂದು ಹೊಸ ದುಪ್ಪಟಿ ಹರಿಯಬೇಕು. ಗೋಡೆಯ ಮೇಲಿಂದ ತೀರ್ಪು ಬರುತ್ತಿತ್ತು: "ಒಲೆಯವರೇ, ಇವತ್ತು ಚಹಾದ ಬಣ್ಣ." ಇನ್ನೊಂದು ದಿನ, "ಒಲೆಯವರೇ, ಬಣ್ಣ ಪರವಾಗಿಲ್ಲ, ವಾಸನೆ ಮಾತ್ರ ಸುಟ್ಟ ಚಪ್ಪಲಿ."

ತಮಾಷೆ ಏನೆಂದರೆ, ಮಾವ ಕೆಲಸ ಕಲಿತದ್ದು ಆ ಬೈಗುಳದಿಂದಲೇ. ಬಟ್ಟೆಗೆ ಬಣ್ಣ ಹಿಡಿದ ದಿನ ತಾವು ಏನೇನು ಮಾಡಿದ್ದೆವು ಎಂದು ಬೆಳಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದರು. ಒಂದು ದಿನ ಒದ್ದೆ ಸೌದೆ ಸಿಕ್ಕಿಬಿತ್ತು. ಒಂದು ದಿನ ಚಿಮಣಿಯೊಳಗೆ ಕಟ್ಟಿಕೊಂಡಿದ್ದ ಹಳೇ ಮಸಿ. ಇನ್ನೊಂದು ದಿನ ತುಂಬಿಹೋದ ಬೂದಿ. ಜಾಲರಿಯ ಕೆಳಗೆ ಗಾಳಿಗೆ ದಾರಿಯೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸಲ ಸಿಕ್ಕಿಬಿದ್ದದ್ದು ಅವರ ಎಡಗೈ. ಶಾಖ ಏರಿತೆಂದರೆ ಅದು ತಾನಾಗಿ ಗಾಳಿಬಾಗಿಲಿಗೆ ಹೋಗಿ ಮುಚ್ಚಿಬಿಡುತ್ತಿತ್ತು. ಬಾಯ್ಲರಿನಲ್ಲಿ ಕಲಿತ ಕೈ, ಮಾವನ ಮಾತನ್ನೇ ಕೇಳುತ್ತಿರಲಿಲ್ಲ. ಕಡೆಗೆ ಅವರು ಅತ್ತಿಗೆಯಿಂದ ಆ ಹಳದಿಗಟ್ಟಿದ ದುಪ್ಪಟಿಗಳಲ್ಲೊಂದರ ಚೂರು ಕೇಳಿ ತಂದು ಹಿಡಿಗೆ ಕಟ್ಟಿದರು. ಕೈ ಹೋದಾಗ ಬೆರಳಿಗೆ ಮೊದಲು ಬಟ್ಟೆ ಸಿಗುತ್ತದೆ. ಅಲ್ಲಿಗೆ ನಿಲ್ಲುತ್ತದೆ.

"ಶಾಖ ಎಷ್ಟಿದೆ ಅಂತ ಮೀಟರ್ ಹೇಳುತ್ತೆ. ಹೊಗೆ ಎಂಥದು ಅಂತ ಹೇಳಲ್ಲ," ಎನ್ನುತ್ತಾರೆ. "ಅದಕ್ಕೆ ಅತ್ತಿಗೆ ಮೂಗೇ ಬೇಕು."

ಕೆಲವು ವಾರಗಳಿಂದ ದುಪ್ಪಟಿ ಬೆಳ್ಳಗೆ ಇಳಿಯುತ್ತಿದೆ. ಅತ್ತಿಗೆ ಕಾಗದ ಬರೆದೂ ಆಗಿದೆ. ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ, ಇಸ್ತ್ರಿ ಮೇಜಿನ ಮೇಲಿನ ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ನಾನು ಲಾಂಡ್ರಿಗೆ ಹೋದಾಗ ಕಣ್ಣಿಗೆ ಬಿತ್ತು. ಯಾಕೆ ಕಳಿಸಿಲ್ಲ ಎಂದು ಕೇಳಿದೆ. ಕಾಲರಿಗೆ ನೀರು ಚಿಮುಕಿಸುತ್ತಾ, ತಲೆ ಎತ್ತದೆ ಹೇಳಿದರು: "ಗಾಳಿ ಬೀಸೋ ದಿನ ಯಾರು ಬೇಕಾದ್ರೂ ಪಾಸಾಗ್ತಾರೆ. ಹೊಗೆ ಊರಾಚೆ ಹೋಗಿರುತ್ತೆ. ಮೋಡ ಕವಿದು, ಗಾಳಿ ಬಿದ್ದು, ಹೊಗೆ ನೆಲ ಹಿಡಿಯೋ ದಿನ ಒಂದು ಬರ್ಲಿ. ಒಂದು ಸಲ ಸಹಿ ಹಾಕಿ ಕಳಿಸಿದ ಮೇಲೆ ನನಗೆ ಬಾಯಿ ಇರಲ್ಲ. ನನ್ನನ್ನ ನಂಬ್ಕೊಂಡು ಒಳಗೆ ಆರು ಹೆಂಗಸರು ಕೆಲಸ ಮಾಡ್ತಿದ್ದಾರೆ."

"ತಾತ್ಕಾಲಿಕ ಪರವಾನಗಿ ವಾಯಿದೆ ಈ ವಾರಕ್ಕೆ ಮುಗಿಯುತ್ತಂತಲ್ಲ?"

"ಅದು ನನಗೂ ಗೊತ್ತು. ಹೊತ್ತು ಹುಟ್ಟಿದ್ರೆ ಆಕಾಶ ನೋಡ್ತಿದೀನಿ."

ಆ ದಿನವೇ ಇವತ್ತು. ಬೆಳಗು ಕಳೆದು ಹೊತ್ತೇರಿದರೂ ಬೆಳಕು ಮಂಕಾಗಿಯೇ ಇದೆ. ಬೀದಿಯಾಚೆಯ ಬೇಕರಿಯ ಹೊಗೆ ಮೇಲೇಳಲಾರದೆ ಛಾವಣಿಯ ಮೇಲೆ ಬೆಕ್ಕಿನ ಹಾಗೆ ಮಲಗಿಬಿಟ್ಟಿದೆ. ಮಾವ ಮಾತು ಕಡಿಮೆ ಮಾಡಿದ್ದಾರೆ. ಗಾಳಿ ಇಲ್ಲದ ದಿನ ಚಿಮಣಿ ಎಳೆಯುವುದಿಲ್ಲ, ಉರಿ ಸೋಮಾರಿಯಾಗುತ್ತದೆ. ಅದಕ್ಕೆ ಸೀಳುಗಳನ್ನು ಇನ್ನೂ ಸಣ್ಣಗೆ ಒಡೆದು, ಬೇಗ ಬೇಗ, ಒಂದೊಂದೇ ಕೊಡುತ್ತಿದ್ದಾರೆ. ಕಾಯಿಲೆಯವರಿಗೆ ಗಂಜಿ ಕುಡಿಸಿದ ಹಾಗೆ. ಗೂಡಿನ ಬಾಗಿಲನ್ನು ಬೆರಳಗಲ ತೆರೆದಿಟ್ಟು, ಬೂದಿಯನ್ನು ಮತ್ತೆ ಮತ್ತೆ ಎಳೆದು ಗಾಳಿಗೆ ದಾರಿ ಮಾಡುತ್ತಾರೆ. ಅಷ್ಟರಲ್ಲಿ ಯಜಮಾನರು ಎರಡು ಸಲ ಬಂದು ಚಿಮಣಿ ನೋಡಿ ಹೋಗಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ಒಂದು ಎಡವಟ್ಟು. ಗಂಟಿನ ಸೀಳೊಂದು ಒಳಗೆ ಹೋಗಿದೆ; ಅದು ಸಿಡಿದು, ಭಗ್ಗೆಂದು ಎರಡು ಪಾಲು ಉರಿಯುತ್ತದೆ. ಮೀಟರಿನ ಮುಳ್ಳು ಏರತೊಡಗುತ್ತದೆ. ಹೀಗೇ ಬಿಟ್ಟರೆ ಮಾಂಸದ ಮೈ ಒಣಗಿ ಹೋಗುತ್ತದೆ. ಮಾವನ ಎಡಗೈ ಗಾಳಿಬಾಗಿಲಿಗೆ ಹೋಗುವುದನ್ನು ನಾನು ಕಣ್ಣಾರೆ ನೋಡುತ್ತೇನೆ. ಬೆರಳು ಹಳದಿ ಬಟ್ಟೆಗೆ ತಾಗುತ್ತದೆ. ನಿಲ್ಲುತ್ತದೆ. "ಥೂ, ನಿನ್ನ," ಎಂದು ತಮ್ಮ ಕೈಯನ್ನೇ ಗದರಿ, ಬಲಗೈಯಲ್ಲಿ ಇಕ್ಕಳ ತೆಗೆದುಕೊಂಡು, ಉರಿಯುವ ಸೀಳನ್ನೇ ಕಚ್ಚಿ ಹೊರಗೆಳೆದು ಕಬ್ಬಿಣದ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಳ ಒತ್ತುತ್ತಾರೆ. ಹೊಗೆಯೆಲ್ಲ ಡಬ್ಬಿಯೊಳಗೇ. ಗೂಡಿನಲ್ಲಿ ಉಳಿದ ಉರಿ ಚಿಕ್ಕದಾಗುತ್ತದೆ, ಆದರೆ ಚುರುಕಾಗಿಯೇ ಇರುತ್ತದೆ. ಮುಳ್ಳು ಅಲ್ಲೇ ತೂಗಾಡಿ, ನಿಧಾನವಾಗಿ ಹಿಂದಕ್ಕೆ ಬರುತ್ತದೆ.

"ಉರಿ ಜಾಸ್ತಿ ಆದ್ರೆ ಸೌದೆ ಕಿತ್ಕೋಬೇಕು, ಉಸಿರು ಕಿತ್ಕೋಬಾರದು," ಎಂದು ಬಕೆಟ್ಟಿನ ಮೇಲೆ ಕೂರುತ್ತಾರೆ. ಹಣೆಯ ಬೆವರು ಒರೆಸಿಕೊಂಡದ್ದೇ ಮಸಿಯ ಗೆರೆಯಾಗಿದೆ. ಅದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಸಂಜೆ ಮಾಂಸ ಹೊರಬರುತ್ತದೆ. ಮುಚ್ಚಳ ಎತ್ತಿದಾಗ ಕಣ್ಣು ಉರಿಯುವುದಿಲ್ಲ. ಯಜಮಾನರು ಅಂಚಿನಿಂದ ಒಂದು ಚೂರು ಕಿತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು ನುಂಗುತ್ತಾರೆ, ಇನ್ನೊಂದು ಚೂರಿಗೆ ಕೈ ಹಾಕುತ್ತಾರೆ. ಮಾವನಿಗೆ ಅದರ ಮೇಲೆ ಗಮನವಿಲ್ಲ. ಅವರು ಇಟ್ಟಿಗೆ ಹತ್ತಿ ನಿಂತಾಗಿದೆ.

ಅತ್ತಿಗೆ ಹೊರಗೆ ಬಂದು ತಂತಿಯಿಂದ ಕ್ಲಿಪ್ಪು ತೆಗೆಯುತ್ತಾರೆ. ದುಪ್ಪಟಿಯನ್ನು ತೋಳಿನ ಮೇಲೆ ಹಾಕಿಕೊಂಡು, ನಮಗೆ ಕಾಣುವ ಅಂಗಳದ ಕಡೆಯ ಕಿಟಕಿಗೆ ಹೋಗುತ್ತಾರೆ. ಎರಡೂ ಅರ್ಧಗಳನ್ನು ಅಕ್ಕಪಕ್ಕ ಹಿಡಿದು ನೋಡುತ್ತಾರೆ. ತಿರುವಿ ನೋಡುತ್ತಾರೆ. ಆಮೇಲೆ ಮುಖವನ್ನೇ ಬಟ್ಟೆಯೊಳಗೆ ಹುದುಗಿಸಿ ಉಸಿರೆಳೆಯುತ್ತಾರೆ, ಬಹಳ ಹೊತ್ತು. ಇಸ್ತ್ರಿ ಮಾಡುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದ್ದಾರೆ. ಅತ್ತಿಗೆ ಕಿಟಕಿಯಿಂದ ಸರಿದು ಒಳಗೆ ಹೋಗಿಬಿಡುತ್ತಾರೆ.

"ಆಗ್ಲಿಲ್ಲ ಅನ್ಸುತ್ತೆ," ಎಂದು ಮಾವ ಪಿಸುಗುಟ್ಟುತ್ತಾರೆ. ಅವರ ಕೈ ಗೋಡೆಯ ಮೇಲಿನ ಪಾಚಿಯನ್ನು ಕೆರೆಯುತ್ತಿದೆ.

ಅತ್ತಿಗೆ ಮತ್ತೆ ಬರುತ್ತಾರೆ. ಕೈಯಲ್ಲಿ ಲಕೋಟೆ, ಕಾಲಲ್ಲಿ ಹೊರಗೆ ಹೋಗುವಾಗಿನ ಚಪ್ಪಲಿ. ಗೋಡೆಯ ಹತ್ತಿರ ಬಂದು ನಿಂತು ಮೈದುನನ ಮುಖ ನೋಡುತ್ತಾರೆ. ನೋಡುತ್ತಾ ನೋಡುತ್ತಾ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ.

"ಏನಾಯ್ತು ಅತ್ತಿಗೆ? ಬಣ್ಣ ಬಂತಾ?"

"ಬಂದಿದೆ. ಎಲ್ಲ ನಿನ್ನ ಹಣೆ ಮೇಲೆ. ಬಟ್ಟೆ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಮಸಿ ಬಳ್ಕೊಂಡಿದೀಯ."

ಏಕವಚನ. ಮಾವನಿಗೆ ಅದು ತಿಳಿಯಲು ಒಂದು ಗಳಿಗೆ ಬೇಕಾಗುತ್ತದೆ. ತಿಳಿದ ಮೇಲೆ ಲಕೋಟೆಗೆ ಕೈ ಚಾಚುತ್ತಾರೆ: "ಕೊಡಿ, ನಾನೇ ಹಾಕಿ ಬರ್ತೀನಿ."

"ಆ ಕೈಯಲ್ಲಾ? ವಿಳಾಸ ಕಾಣದ ಹಾಗೆ ಮಾಡ್ತೀಯ. ಕೂತ್ಕೊಂಡು ಕೆಂಡ ನೋಡು."

ಅಂಚೆಪೆಟ್ಟಿಗೆ ಲಾಂಡ್ರಿಯ ತಿರುವಿನಲ್ಲೇ ಇದೆ, ಇಟ್ಟಿಗೆಯ ಮೇಲೆ ನಿಂತರೆ ಇಲ್ಲಿಂದ ಕಾಣುತ್ತದೆ. ಅತ್ತಿಗೆ ಹಗುರಾಗಿ, ಆದರೆ ಅವಸರವಿಲ್ಲದೆ ನಡೆಯುತ್ತಾರೆ. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಮಾವ ಈಗ ಬಿಡುತ್ತಾರೆ. ಹಿಂದೆ ನಿಂತಿದ್ದ ಯಜಮಾನರೂ ಬಿಡುತ್ತಾರೆ. ನನ್ನದೂ ಸೇರಿರಬಹುದು. ಇನ್ನೇನು ಆಸೆಯಿದೆ ಎಂದು ನಾನು ಕೇಳಿದ್ದಕ್ಕೆ ಮಾವ ತಿರುವಿನಿಂದ ಕಣ್ಣು ಕೀಳದೆ ಹೇಳುತ್ತಾರೆ: "ನಾಳೆ ಬೆಳಗ್ಗೆ ಎದ್ದು ಬೂದಿ ಎತ್ತಬೇಕು. ಅಷ್ಟೇ ಅಮ್ಮ."

ಪೆಟ್ಟಿಗೆಯ ಮುಂದೆ ನಿಂತ ಅತ್ತಿಗೆ ಒಮ್ಮೆ ತಿರುಗಿ, ಹೋಟೆಲಿನ ಹಿತ್ತಲ ಕಡೆ ಕತ್ತೆತ್ತಿ ನೋಡುತ್ತಾರೆ. ಚಿಮಣಿಯ ಮೇಲೆ ಏನೂ ಇಲ್ಲ.

"ಚಿಕ್ಕೋನೇ," ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ, "ಗಾಳಿಬಾಗಿಲು ಮುಚ್ಚಿ ಊಟಕ್ಕೆ ಹೋಗ್ಬೇಡ!"

ಲಕೋಟೆ ಒಳಗೆ ಬೀಳುತ್ತದೆ. ತಗಡಿನ ಮುಚ್ಚಳ ಟಪ್ಪೆಂದದ್ದು ಇಲ್ಲಿಯವರೆಗೂ ಕೇಳುತ್ತದೆ.